ಪೇಪರಿನಲ್ಲಿ ಸುತ್ತಿಟ್ಟ ಏಳು ಬಾಟಲಿ

ಮೇಜಿನ ಮೇಲೆ ಏಳು ಬಾಟಲಿ ಇವೆ, ಎಲ್ಲ ಆಸ್ಟ್ರೇಲಿಯಾದ ವೈನ್. ಎಲ್ಲವನ್ನೂ ಹಳೆ ಪೇಪರಿನಲ್ಲಿ ಸುತ್ತಿ, ಮೇಲೆ ನಂಬರ್ ಬರೆದಿದ್ದೇನೆ. ಇದರಲ್ಲಿ ಒಂದರ ಬೆಲೆ 9 ಡಾಲರ್, ಇನ್ನೊಂದರದ್ದು 60. ಯಾವುದು ಯಾವುದು ಅಂತ ಕೆಂಪು ವೈನ್ ಮುಗಿದ ಮೇಲೆ ಬಿಚ್ಚಿ ತೋರಿಸುತ್ತೇನೆ. ಅಲ್ಲಿವರೆಗೆ ಯಾರೂ ಪೇಪರ್ ಸರಿಸಿ ನೋಡಬಾರದು. ಹಿಂದಿನ ಸಾಲಿನವರೇ, ನಿಮಗೇ ಹೇಳಿದ್ದು.

ಮೆಲ್ಬರ್ನ್ ಹತ್ತಿರದ ಯಾರಾ ಕಣಿವೆಯ ಒಂದು ವೈನರಿಯಲ್ಲಿ ಆರು ವರ್ಷ ಶನಿವಾರ, ಭಾನುವಾರ ಸೆಲ್ಲರ್ ಡೋರ್‌ನಲ್ಲಿ, ಅಂದರೆ ರುಚಿ ನೋಡಿ ಕೊಳ್ಳುವ ಕೌಂಟರಿನಲ್ಲಿ, ನಿಂತು ಬಂದವರ ಗ್ಲಾಸಿಗೆ ಸುರಿಯುವ ಕೆಲಸ ಮಾಡಿದ್ದೇನೆ. ಉಳಿದ ಐದು ದಿನ ನಿಮ್ಮ ಹಾಗೆ ನಾನೂ ಕಂಪ್ಯೂಟರ್ ಮುಂದೆ. ಅಲ್ಲಿ ನಮ್ಮ ಕನ್ನಡದವರು ಬಂದಾಗ ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಕೊಟ್ಟರೆ ಒಳ್ಳೇದು ಸಿಗುತ್ತೆ?" ತಪ್ಪು ಪ್ರಶ್ನೆ ಅಂತ ಹೇಳಲ್ಲ. ಆದರೆ ಈ ದೇಶದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಇಲ್ಲಿ ಚೆನ್ನಾಗಿ ಮಾಡುವುದು ಯಾವುದು, ಅದರಲ್ಲಿ ಫ್ಯಾಷನ್ ಇಲ್ಲದ್ದು ಯಾವುದು?" ಅಗ್ಗ ಇರುವುದು ಅಲ್ಲೇ.

ಮೊದಲು ಬಕೆಟ್ ವಿಷಯ. ಪ್ರತಿ ಮೇಜಿಗೂ ಒಂದೊಂದು ಇಟ್ಟಿದ್ದೇನೆ, ಉಗಿಯುವುದಕ್ಕೆ. ನಾಚಿಕೆ ಬೇಡ. ಎಲೆ ಅಡಿಕೆ ಹಾಕುವ ಮನೆಗಳಲ್ಲಿ ಬೆಳೆದವರು ನಾವು, ಉಗಿಯುವುದನ್ನು ಯಾರೂ ನಮಗೆ ಹೊಸದಾಗಿ ಕಲಿಸಬೇಕಿಲ್ಲ. ಹದಿಮೂರೂವರೆ ಪರ್ಸೆಂಟಿನ ಒಂದು ಬಾಟಲಿಯಲ್ಲಿ ಇಲ್ಲಿನ ಲೆಕ್ಕದ 8 ಸ್ಟ್ಯಾಂಡರ್ಡ್ ಡ್ರಿಂಕ್ (ಒಂದು ಅಂದರೆ 10 ಗ್ರಾಂ ಆಲ್ಕೋಹಾಲ್) ಇರುತ್ತದೆ. ಬಾಟಲಿ ಹಿಂದೆ ಬರೆದಿರುತ್ತಾರೆ, ನೋಡಿ. ಇಲ್ಲಿನ ಆರೋಗ್ಯ ಮಂಡಳಿ ಹೇಳುವುದು ವಾರಕ್ಕೆ 10 ದಾಟಬಾರದು, ಒಂದೇ ದಿನ 4 ದಾಟಬಾರದು ಅಂತ. ಏಳು ವೈನ್ ನುಂಗಿ ಕಾರು ಹತ್ತುವ ಹಾಗಿಲ್ಲ. ಕುಡಿಯದೆ ಸುಮ್ನೆ ಕೇಳಲು ಬಂದವರಿಗೆ ಪಾನಕ ಇದೆ. ಅವರಿಗೂ ಗ್ಲಾಸ್ ಕೊಡುತ್ತೇನೆ, ಮೂಸಿ ನೋಡಬಹುದು. ಅರ್ಧ ಕೆಲಸ ಮೂಗಿನದ್ದೇ.

ಇನ್ನು ಪದಗಳು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹಿರಿಯರು ಒಂದು ಬಿಳಿ ವೈನ್ ಕೈಗೆ ಕೊಟ್ಟು, "ಗೂಸ್‌ಬೆರಿ ಬರುತ್ತಾ?" ಅಂದರು. ನಾನು ಹಾಸನದ ಕಡೆಯವಳು. ನಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಗೂಸ್‌ಬೆರಿ ಅಂದರೆ ನೆಲ್ಲಿಕಾಯಿ. ಹದಿನೈದು ನಿಮಿಷ ಆ ಗ್ಲಾಸಿನಲ್ಲಿ ನೆಲ್ಲಿಕಾಯಿ ಹುಡುಕಿದೆ. ಸಿಗಲಿಲ್ಲ. ಸಿಗುವುದು ಹೇಗೆ, ಅವರು ಹೇಳಿದ ಹಣ್ಣೇ ಬೇರೆ! ಅದನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಅವತ್ತು ತೀರ್ಮಾನ ಮಾಡಿದೆ, ಅವರ ಹಣ್ಣು ಅವರಿಗಿರಲಿ, ನನ್ನ ಬಾಯಿಗೆ ಗೊತ್ತಿರುವ ಪದದಲ್ಲೇ ನೋಡೋಣ ಅಂತ.

ನಾಲ್ಕು ಪದ ಸಾಕು. ಹುಳಿ: ಹುಣಸೆಕಾಯಿಗೆ ಉಪ್ಪು ಹಚ್ಚಿ ತಿನ್ನುವುದನ್ನು ನೆನೆಸಿಕೊಂಡರೆ ಸಾಕು, ದವಡೆ ಹಿಂದೆ ನೀರೂರುತ್ತದೆ. ವೈನ್ ನುಂಗಿದ ಮೇಲೆ ಹಾಗೆ ನೀರೂರಿದರೆ ಹುಳಿ ಚೆನ್ನಾಗಿದೆ ಅಂತ ಅರ್ಥ. ಒಗರು: ನೇರಳೆ ಹಣ್ಣು ತಿಂದಾಗ ನಾಲಿಗೆ ಒಣಬಟ್ಟೆ ಥರ ಆಗುತ್ತದಲ್ಲ, ಅದು. ಕೆಂಪು ವೈನಿನಲ್ಲಿ ಸಿಪ್ಪೆಯಿಂದ, ಬೀಜದಿಂದ ಬರುತ್ತದೆ. ಇಷ್ಟು ಒಳ್ಳೆ ಪದ ಇಟ್ಟುಕೊಂಡು ನಾವು ಯಾಕೆ ಟ್ಯಾನಿನ್ ಅನ್ನಬೇಕು? ಮೂರನೆಯದು ತೂಕ. ನೀರುಮಜ್ಜಿಗೆ ಒಂದು ತೂಕ, ಕೆನೆಹಾಲು ಇನ್ನೊಂದು ತೂಕ. ನಾಲ್ಕನೆಯದು ಬಿಸಿ. ಅದು ನುಂಗಿದ ಮೇಲೆ ಗಂಟಲಲ್ಲಿ ಗೊತ್ತಾಗುತ್ತದೆ, ಆಲ್ಕೋಹಾಲಿನದ್ದು.

ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ. ಮೂಸಿ, ಅಲ್ಲಾಡಿಸಿ, ಮತ್ತೆ ಮೂಸಿ. ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಉಗಿಯಿರಿ. ಇಷ್ಟೇ ಶಾಸ್ತ್ರ.

ಈಗ ಒಂದು ಮತ್ತು ಎರಡು. ಎರಡೂ ಗುಳ್ಳೆ ಇರುವಂಥವು, ಸ್ಪಾರ್ಕ್ಲಿಂಗ್. ಗುಳ್ಳೆ ಎಲ್ಲಿಂದ ಬರುತ್ತದೆ ಅನ್ನುವುದು ಇಡ್ಲಿ ಹಿಟ್ಟು ರುಬ್ಬಿ ಇಟ್ಟವರಿಗೆ ಗೊತ್ತು. ಹುದುಗುವಾಗ ಗಾಳಿ ಹುಟ್ಟುತ್ತದೆ, ಹಿಟ್ಟು ಉಬ್ಬುತ್ತದೆ. ಪಾತ್ರೆಯ ಮುಚ್ಚಳ ಬಿಗಿಯಾಗಿದ್ದರೆ ಆ ಗಾಳಿ ಹೊರಗೆ ಹೋಗುವ ಹಾಗಿಲ್ಲ, ಒಳಗೇ ಕರಗುತ್ತದೆ. ವೈನಿನಲ್ಲಿ ಇದನ್ನು ಮೂರು ಥರ ಮಾಡುತ್ತಾರೆ. ತೀರಾ ಅಗ್ಗದ್ದಕ್ಕೆ ಸೋಡಾ ಥರ ಗಾಳಿ ತುಂಬಿಬಿಡುತ್ತಾರೆ. ಗುಳ್ಳೆ ದಪ್ಪ, ಐದು ನಿಮಿಷದಲ್ಲಿ ಮಾಯ. ಎರಡನೆಯದು, ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿಸುವುದು. ಹಣ್ಣಿನ ವಾಸನೆ ಹಾಗೇ ಉಳಿಯುತ್ತದೆ. ಮೂರನೆಯದು ಕಷ್ಟದ್ದು. ತಯಾರಾದ ವೈನಿಗೆ ಒಂಚೂರು ಸಕ್ಕರೆ, ಈಸ್ಟ್ ಹಾಕಿ, ಒಂದೊಂದೇ ಬಾಟಲಿಯಲ್ಲಿ ಮುಚ್ಚಿ ಮಲಗಿಸುತ್ತಾರೆ. ಒಳಗಿನ ಒತ್ತಡ ಕಾರಿನ ಟಯರಿನ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಕೆಲಸ ಮುಗಿಸಿದ ಈಸ್ಟ್ ಸತ್ತು ತಳದಲ್ಲಿ ಕೂರುತ್ತದೆ. ಅದರ ಜೊತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದ್ದರೆ ವೈನಿಗೆ ಬೇಕರಿ ಮುಂದೆ ಬೆಳಗಿನ ಹೊತ್ತು ಹೋದ ಹಾಗೆ ಒಂದು ವಾಸನೆ ಬರುತ್ತದೆ. ಆಮೇಲೆ ಬಾಟಲಿಯನ್ನು ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಲೆಕೆಳಗು ಮಾಡಿ, ಗಸಿಯನ್ನು ಕತ್ತಿಗೆ ಇಳಿಸಿ, ಕತ್ತನ್ನು ಮಾತ್ರ ಹೆಪ್ಪುಗಟ್ಟಿಸಿ, ಆ ತುಂಡನ್ನು ಹಾರಿಸಿ ತೆಗೆಯುತ್ತಾರೆ. ದುಡ್ಡು ಹೋಗುವುದು ಈ ಕೆಲಸಕ್ಕೆ, ಮತ್ತು ಕಾಯುವುದಕ್ಕೆ. ಲೇಬಲ್ಲಿನಲ್ಲಿ 'ಟ್ರೆಡಿಷನಲ್ ಮೆಥಡ್' ಅಂತ ಇದ್ದರೆ ಹೀಗೆ ಮಾಡಿದ್ದು.

ನಂಬರ್ ಒಂದು ಟ್ಯಾಂಕಿನದ್ದು. ಇಷ್ಟನ್ನು ಈಗಲೇ ಹೇಳಿಬಿಡುತ್ತೇನೆ, ಅದು ಪ್ರೊಸೆಕೊ. ಮೆಲ್ಬರ್ನಿನಿಂದ ಈಶಾನ್ಯಕ್ಕೆ ಮೂರು ಗಂಟೆ ದಾರಿ, ಕಿಂಗ್ ವ್ಯಾಲಿ. ಇಟಲಿಯಿಂದ ಬಂದವರು ಅಲ್ಲಿ ಮೊದಲು ತಂಬಾಕು ಬೆಳೆಯುತ್ತಿದ್ದರು. ಆಮೇಲೆ ದ್ರಾಕ್ಷಿಗೆ ತಿರುಗಿದರು. ಡಾಲ್ ಜೋಟೊ ಕುಟುಂಬ 1999ರಲ್ಲಿ ಪ್ರೊಸೆಕೊ ಬಳ್ಳಿ ನೆಟ್ಟು, 2004ರಲ್ಲಿ ಈ ದೇಶದ ಮೊದಲ ಪ್ರೊಸೆಕೊ ಮಾರಿತು. ಇಟಲಿಯವರು 2009ರಲ್ಲಿ ಜಾಣತನ ಮಾಡಿದರು. ಆ ದ್ರಾಕ್ಷಿಯ ಹೆಸರನ್ನೇ ಗ್ಲೆರಾ ಅಂತ ಬದಲಾಯಿಸಿ, ಪ್ರೊಸೆಕೊ ಅನ್ನುವುದು ಊರಿನ ಹೆಸರು, ನಮ್ಮದು ಮಾತ್ರ ಅಂದರು. ಇದರ ಮೇಲೆ ವರ್ಷಗಟ್ಟಲೆ ಜಗಳ ನಡೆದಿದೆ. ಅದಕ್ಕೂ ಮುಂಚೆ ಷಾಂಪೇನ್ ಜಗಳ. ಇಲ್ಲಿನವರು ಮೊದಲು ಗುಳ್ಳೆ ಬಂದದ್ದಕ್ಕೆಲ್ಲ ಷಾಂಪೇನ್ ಅಂತಲೇ ಬರೆಯುತ್ತಿದ್ದರು. 2008ರಲ್ಲಿ ಸಹಿಯಾಗಿ 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಷಾಂಪೇನ್, ಪೋರ್ಟ್, ಶೆರ್ರಿ ಅನ್ನುವ ಹೆಸರುಗಳನ್ನೆಲ್ಲ ಬಿಟ್ಟುಕೊಟ್ಟರು. ನಮ್ಮವರು ಈಗಲೂ ಮನೆಗೆ ಷಾಂಪೇನ್ ತಂದೆ ಅಂತ ಹೇಳಿ ಹನ್ನೆರಡು ಡಾಲರಿನ ಬಾಟಲಿ ತೆಗೆಯುತ್ತಾರೆ. ನಾನು ಏನೂ ಹೇಳಲ್ಲ, ನಗುತ್ತೇನೆ.

ನಂಬರ್ ಎರಡು ಟ್ಯಾಸ್ಮೇನಿಯಾದ್ದು, ಬಾಟಲಿಯಲ್ಲೇ ಹುದುಗಿದ್ದು. ಗ್ಲಾಸ್ ಬದಲಿಸಿ ಬದಲಿಸಿ ಮೂಸಿ. ಒಂದರಲ್ಲಿ ಮರಸೇಬು, ಎರಡರಲ್ಲಿ ಬನ್ನು, ನಿಂಬೆ. ಟ್ಯಾಸ್ಮೇನಿಯಾ ಚಳಿ ದ್ವೀಪ. ದ್ರಾಕ್ಷಿ ನಿಧಾನಕ್ಕೆ ಹಣ್ಣಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ಗುಳ್ಳೆ ವೈನಿಗೆ ಹುಳಿಯೇ ಬೆನ್ನೆಲುಬು. ಅದಕ್ಕೇ ದೊಡ್ಡ ಕಂಪನಿಗಳೆಲ್ಲ ಆ ಕಡೆ ಹೋದವು. 1986ರಲ್ಲಿ ಲೂಯಿ ರೊಡರರ್ ಅನ್ನುವ ಷಾಂಪೇನ್ ಮನೆಯ ಪಾಲುದಾರಿಕೆಯಲ್ಲಿ ಅಲ್ಲಿ ಜಾನ್ಸ್ ಅನ್ನುವ ಬ್ರ್ಯಾಂಡ್ ಶುರುವಾಯಿತು. ಅದೇ ವರ್ಷ ಮೊಯೆ ಶಾಂಡೊನ್‌ನವರು ನಮ್ಮ ಯಾರಾ ಕಣಿವೆಗೆ ಬಂದರು.

ಬೆಲೆ ಹೇಳಿಬಿಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಬಾಟಲ್ ಶಾಪ್ ಬೆಲೆ, ಆಚೀಚೆ ಆಗುತ್ತದೆ. 10–12 ಡಾಲರಿಗೆ ಜೇಕಬ್ಸ್ ಕ್ರೀಕ್‌ನ ಶಾರ್ಡನೇ ಪಿನೋ ನ್ವಾರ್ ಸಿಗುತ್ತದೆ, ಆ ಎರಡು ದ್ರಾಕ್ಷಿ ಸೇರಿಸಿ ಮಾಡಿದ ಸ್ಪಾರ್ಕ್ಲಿಂಗ್. ನೂರು ಜನರ ಪಾರ್ಟಿಗೆ, ಕಿತ್ತಳೆ ರಸಕ್ಕೆ ಬೆರೆಸಲು ಸಾಕು. 20ರ ಆಸುಪಾಸು ಕಿಂಗ್ ವ್ಯಾಲಿ ಪ್ರೊಸೆಕೊ. 25ರಿಂದ 35ರ ಒಳಗೆ ಜಾನ್ಸ್, ಶಾಂಡೊನ್. ನನ್ನ ಕೇಳಿದರೆ ಇಡೀ ಅಂಗಡಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಜಾಸ್ತಿ ಕೆಲಸ ಮಾಡಿರುವ ಬಾಟಲಿಗಳು ಇರುವುದು ಈ ಕಪಾಟಿನಲ್ಲಿ. ಅದೇ ಶ್ರಮದ ಫ್ರೆಂಚ್ ಷಾಂಪೇನಿಗೆ ಎರಡು ಪಟ್ಟು ಕೊಡಬೇಕು. 50ರ ಹತ್ತಿರ ಹೌಸ್ ಆಫ್ ಆರಾಸ್‌ನ ಬ್ರೂಟ್ ಎಲೀಟ್ ಇದೆ. ಅದೇ ಮನೆಯಲ್ಲಿ ಎಡ್ ಕಾರ್ ಅನ್ನುವವರ ಹೆಸರಿನಲ್ಲಿ, ಹತ್ತು ವರ್ಷಕ್ಕೂ ಮೇಲೆ ಗಸಿಯ ಜೊತೆ ಮಲಗಿಸಿ ತೆಗೆಯುವುದು 200 ದಾಟುತ್ತದೆ. ಒಮ್ಮೆ ಕುಡಿದಿದ್ದೇನೆ, ಬೇರೆಯವರ ದುಡ್ಡಿನಲ್ಲಿ. ಚೆನ್ನಾಗಿತ್ತು.

ಒಂದು ಮೋಸದ ಪದ ಇದೆ, ಹುಷಾರು. 'ಎಕ್ಸ್‌ಟ್ರಾ ಡ್ರೈ' ಅಂದರೆ ತುಂಬಾ ಕಡಿಮೆ ಸಿಹಿ ಅಂದುಕೊಳ್ಳುತ್ತೇವೆ ಅಲ್ವಾ? ಉಲ್ಟಾ. 'ಬ್ರೂಟ್'ಗಿಂತ ಅದೇ ಸಿಹಿ.

ತೆಗೆಯುವ ಕ್ರಮ: ಚೆನ್ನಾಗಿ ತಣ್ಣಗಿರಬೇಕು. ತಂತಿಯನ್ನು ಆರು ಅರ್ಧ ಸುತ್ತು ತಿರುಗಿಸಿ ಸಡಿಲ ಮಾಡಿ. ಆ ಕ್ಷಣದಿಂದ ಹೆಬ್ಬೆರಳು ಕಾರ್ಕ್ ಮೇಲಿಂದ ಕದಲಬಾರದು. ಬಾಟಲಿ ವಾಲಿಸಿ, ಕಾರ್ಕ್ ಬಿಗಿ ಹಿಡಿದು, ಬಾಟಲಿಯನ್ನು ತಿರುಗಿಸಿ. ಶಬ್ದ ಬರಬಾರದು, ನಿಟ್ಟುಸಿರು ಬಿಟ್ಟ ಹಾಗೆ ಬಂದರೆ ಸಾಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಒಬ್ಬರ ಗೃಹಪ್ರವೇಶದಲ್ಲಿ ತಂತಿ ಬಿಚ್ಚಿ, ಯಾರೋ ಮಾತಾಡಿಸಿದರು ಅಂತ ಬಾಟಲಿ ಮೇಜಿನ ಮೇಲಿಟ್ಟು ತಿರುಗಿದೆ. ಆ ಹೊಸ ಮನೆಯ ಚಾವಣಿಯಲ್ಲಿ ಈಗಲೂ ಎಂಟಾಣೆ ಅಗಲದ ಒಂದು ಗುಳಿ ಇದೆ. ಆ ಮನೆಯವರು ಇವತ್ತು ಇಲ್ಲಿ ಕೂತಿದ್ದಾರೆ. ನೋಡಿ, ನಗುತ್ತಿದ್ದಾರೆ. ಅವತ್ತು ನಗಲಿಲ್ಲ.

ಬಿಳಿಗೆ ಹೋಗುವ ಮುಂಚೆ, ಇವತ್ತು ತರದ ಒಂದರ ಬಗ್ಗೆ ಎರಡು ಮಾತು. ಇಲ್ಲಿ ಕೆಂಪು ಸ್ಪಾರ್ಕ್ಲಿಂಗ್ ಅಂತ ಒಂದಿದೆ, ಶಿರಾಜ್ ದ್ರಾಕ್ಷಿಯದ್ದು. ಬೇರೆ ದೇಶದವರು ನೋಡಿ ಬೆಚ್ಚುತ್ತಾರೆ. ಇದು ವಿಕ್ಟೋರಿಯಾದಲ್ಲಿ 1880ರ ದಶಕದಿಂದ ಇದೆ. ಗ್ರೇಟ್ ವೆಸ್ಟರ್ನ್ ಅನ್ನುವ ಊರಿಗೆ ಹೋದರೆ ಸೆಪೆಲ್ಟ್ ಹೆಸರಿನ ಹಳೆ ವೈನರಿಯ ಕೆಳಗೆ ಸುಮಾರು 3 ಕಿಲೋಮೀಟರ್ ಸುರಂಗ ಇದೆ. 1868ರಿಂದ ತೋಡಿದ್ದು, ಚಿನ್ನದ ಗಣಿ ಕೆಲಸ ಕಳೆದುಕೊಂಡವರು. ಕೋಲಾರದ ಕಡೆಯವರು ಒಬ್ಬರು ನನ್ನ ಜೊತೆ ಬಂದಿದ್ದರು. ಗೋಡೆ ಮುಟ್ಟಿ ನೋಡಿ, "ಇದು ಗಣಿ ಕೈಯೇ" ಅಂದರು. ಇಲ್ಲಿನವರು ಕ್ರಿಸ್ಮಸ್ ಹಂದಿಮಾಂಸದ ಜೊತೆ ಇದನ್ನು ಕುಡಿಯುತ್ತಾರೆ. ಕೊಡಗಿನವರೇ, ಕಾಚಂಪುಳಿ ಹಾಕಿದ ಪಂದಿ ಕರಿ ಜೊತೆ ಒಮ್ಮೆ ನೋಡಿ, 20–25 ಡಾಲರಿನದ್ದು. ನನ್ನ ಮಾತು ಸುಳ್ಳಾದರೆ ಮುಂದಿನ ಸಲ ಮೈಕ್ ನಿಮ್ಮದೇ.

ಮೂರು. ಮೂಸಿ. ಏನು ಬಂತು? ಯಾರೋ ಸರಿಯಾಗಿ ಹೇಳಿದರು: ಸೀಮೆಎಣ್ಣೆ! ಪಂಪ್ ಸ್ಟವ್ ಇದ್ದ ಮನೆಯಲ್ಲಿ ಬೆಳೆದವರ ಮೂಗು. ಇದು ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯದ್ದು, ಎಂಟು ವರ್ಷ ಹಳೆಯದು, ದಕ್ಷಿಣ ಆಸ್ಟ್ರೇಲಿಯಾದ ಈಡನ್ ವ್ಯಾಲಿಯದ್ದು. ಬಿಸಿಲು ಚೆನ್ನಾಗಿ ಬಿದ್ದ ರೀಸ್ಲಿಂಗ್ ಹಳತಾದಂತೆ ಅದರಲ್ಲಿ ಟಿಡಿಎನ್ ಅನ್ನುವ ಒಂದು ಅಂಶ ಹುಟ್ಟುತ್ತದೆ, ಈ ವಾಸನೆ ಅದರದ್ದು. ಕೆಟ್ಟಿಲ್ಲ. ಬಾಯಿಗೆ ಹಾಕಿ ನೋಡಿ, ನಿಂಬೆ ಉಪ್ಪಿನಕಾಯಿ ಭರಣಿ ತೆಗೆದ ಹಾಗೆ ಇಲ್ವಾ? ಹೊಸದರಲ್ಲಿ ಇದು ಬರೀ ನಿಂಬೆಹಣ್ಣು. ನಾನು 20 ಡಾಲರಿಗೆ ತಂದು ಬಟ್ಟೆ ಕಪಾಟಿನ ಕೆಳಗೆ, ಕತ್ತಲಲ್ಲಿ, ಮಲಗಿಸಿ ಇಟ್ಟಿದ್ದೆ. ಅಷ್ಟೇ ಮಾಡಿದ್ದು.

ಇದಕ್ಕೆ ಕಾರ್ಕ್ ಇಲ್ಲ, ತಿರುಗಿಸುವ ಮುಚ್ಚಳ. ಅದನ್ನು ನೋಡಿ ಅಗ್ಗದ ಮಾಲು ಅಂತ ಮೂಗು ಮುರಿಯುವವರು ಇದ್ದಾರೆ. ಕಾರ್ಕಿನಿಂದ ಕೆಲವೊಮ್ಮೆ ಒಂದು ಕೆಟ್ಟ ವಾಸನೆ ಹತ್ತುತ್ತದೆ, ಮಳೆಗಾಲದಲ್ಲಿ ನೆನೆದ ರಟ್ಟಿನ ಡಬ್ಬಿಯ ಹಾಗೆ. ಇದರಿಂದ ಬೇಸತ್ತು ಕ್ಲೇರ್ ವ್ಯಾಲಿಯ ರೀಸ್ಲಿಂಗ್‌ನವರು 2000ದಲ್ಲಿ ಒಟ್ಟಾಗಿ ತಿರುಗಿಸುವ ಮುಚ್ಚಳಕ್ಕೆ ಬದಲಾದರು. ಒಬ್ಬೊಬ್ಬರೇ ಮಾಡಿದ್ದರೆ ಮಾರ್ಕೆಟ್ಟಿನಲ್ಲಿ ಮುಳುಗುತ್ತಿದ್ದರು. ಇವತ್ತು ಈ ದೇಶದಲ್ಲಿ ನೂರು ಡಾಲರಿನ ವೈನಿಗೂ ಅದೇ ಮುಚ್ಚಳ.

ನಾಲ್ಕನೆಯದು ಕುಡಿದು ಅರ್ಧ ಜನ ಮುಖ ಮುಖ ನೋಡಿಕೊಂಡರು. "ಏನೂ ಇಲ್ಲವಲ್ಲ, ನೀರು" ಅಂತ. ಸರಿ. ಇದು ಹಂಟರ್ ವ್ಯಾಲಿಯ ಸೆಮಿಲಾನ್, ಅದೂ ಒಂದು ಬಿಳಿ ದ್ರಾಕ್ಷಿ, ಹೋದ ವರ್ಷದ್ದು. ಸಿಡ್ನಿಯ ಉತ್ತರಕ್ಕೆ, ಸೆಕೆ ಮತ್ತು ಮಳೆಯ ಜಾಗ. ಅಲ್ಲಿ ದ್ರಾಕ್ಷಿಯನ್ನು ಬೇಗ ಕೊಯ್ಯುತ್ತಾರೆ. ಆಲ್ಕೋಹಾಲ್ ಬರೀ 10–11 ಪರ್ಸೆಂಟ್. ಮರದ ಪೀಪಾಯಿ ತೋರಿಸುವುದೂ ಇಲ್ಲ. ಹೊಸದರಲ್ಲಿ ನಿಂಬೆ ಹಿಂಡಿದ ನೀರು. ಹತ್ತು ವರ್ಷ ಬಿಟ್ಟು ತೆಗೆದರೆ ಜೇನು, ಬೆಣ್ಣೆ ಸವರಿ ಸುಟ್ಟ ಬ್ರೆಡ್ಡು! ಪೀಪಾಯಿಯೇ ಕಾಣದ್ದಕ್ಕೆ ಆ ಸುಟ್ಟ ವಾಸನೆ ಬರುವುದು ಬಾಟಲಿಯಲ್ಲಿ ಕೂತು ಕೂತೇ. ಟಿರೆಲ್ಸ್ ಮನೆಯ ವ್ಯಾಟ್ 1 ಈ ಜಾತಿಯ ರಾಜ, 1963ರಿಂದ ಬರುತ್ತಿದೆ. ಆದರೆ ಅದೇ ಮನೆಯ ಸಾಮಾನ್ಯ ಸೆಮಿಲಾನ್ 25ರ ಹತ್ತಿರ ಸಿಗುತ್ತದೆ. ಜಗತ್ತಿನಲ್ಲಿ ಬೇರೆ ಯಾರೂ ಹೀಗೆ ಮಾಡಲ್ಲ. ಆದರೂ ಯಾರಿಗೂ ಬೇಡ. ಫ್ಯಾಷನ್ ಇಲ್ಲ ಅಂದೆನಲ್ಲ, ಇದೇ. ಇನ್ನೊಂದು ಇಂಥದ್ದೇ, ನಮ್ಮ ವಿಕ್ಟೋರಿಯಾದ ನಗಾಂಬಿ ಊರಿನ ತಹಬಿಲ್ಕ್ ವೈನರಿಯ ಮಾರ್ಸಾನ್, ಇನ್ನೊಂದು ಬಿಳಿ ದ್ರಾಕ್ಷಿ. 1860ರ ವೈನರಿ, ಮಾರ್ಸಾನ್ ಬಳ್ಳಿಗಳಲ್ಲಿ ಕೆಲವು 1927ರವು. 20 ಡಾಲರ್ ಆಸುಪಾಸು. ಮಗು ಹುಟ್ಟಿದ ವರ್ಷದ್ದು ಆರು ತಂದಿಡಿ. ಮಗು ಸೆಲ್ಲರ್ ಡೋರಿಗೆ ಬರುವ ವಯಸ್ಸಿಗೆ ಅದೂ ತಯಾರಾಗಿರುತ್ತದೆ.

ಈಗ ಐದು ಮತ್ತು ಆರು, ಎರಡೂ ಶಿರಾಜ್. ಕುಡಿಯುವಾಗ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ನೆಲಕ್ಕೆ ದ್ರಾಕ್ಷಿ ಬಂದದ್ದು 1788ರಲ್ಲಿ, ಮೊದಲ ಹಡಗುಗಳ ಜೊತೆಗೇ. ಬರೋಸಾ ಕಣಿವೆಯಲ್ಲಿ 1840ರ ದಶಕದಲ್ಲಿ ಜರ್ಮನ್ ಮಾತಾಡುವ ಲೂಥರನ್ ಜನ ಬಂದು ನೆಲೆಸಿದರು. 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಅಲ್ಲಿ ಇನ್ನೂ ಹಣ್ಣು ಕೊಡುತ್ತಿವೆ. ಯುರೋಪಿನಲ್ಲಿ ಅಷ್ಟು ಹಳೆಯವು ಸಿಗುವುದು ಕಷ್ಟ. ಫಿಲಾಕ್ಸೆರಾ ಅನ್ನುವ ಬೇರು ಹುಳ ಅಲ್ಲಿನ ತೋಟಗಳನ್ನೆಲ್ಲ ತಿಂದುಹಾಕಿತು. ವಿಕ್ಟೋರಿಯಾಕ್ಕೂ 1877ರಲ್ಲಿ ಬಂತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಮಾತ್ರ ಬಿಟ್ಟುಕೊಂಡಿಲ್ಲ. ಅದಕ್ಕೇ ಅಲ್ಲಿ ತೋಟದ ಬಾಗಿಲಲ್ಲಿ ಒಳಗೆ ನಡೆಯಬೇಡಿ ಅಂತ ಬೋರ್ಡ್ ಇರುತ್ತದೆ. ಫೋಟೋಗೋಸ್ಕರ ಒಳಗೆ ನುಗ್ಗಬೇಡಿ, ಚಪ್ಪಲಿ ಮಣ್ಣಿನಲ್ಲಿ ಆ ಹುಳ ಬರುತ್ತದೆ.

ಶಿರಾಜ್‌ನಲ್ಲಿ ಎರಡು ಬಗೆ. ಬರೋಸಾದ ಬಿಸಿಲಿನದ್ದು ದಪ್ಪ, ನೇರಳೆ ಹಣ್ಣಿನ ರಸ, ಚಾಕೊಲೇಟು. ಗ್ರಾಂಪಿಯನ್ಸ್ ಥರದ ತಂಪು ಜಾಗದ್ದರಲ್ಲಿ ಕರಿಮೆಣಸು. ಹೋಲಿಕೆಗೆ ಹೇಳುತ್ತಿಲ್ಲ, ನಿಜವಾಗಿ ಅದೇ. ರೊಟಂಡೋನ್ ಅನ್ನುವ ಅಂಶ ಕರಿಮೆಣಸಿನಲ್ಲೂ ಇದೆ, ಈ ವೈನಿನಲ್ಲೂ ಇದೆ ಅಂತ ಅಡಿಲೇಡಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಮಜಾ ಏನೆಂದರೆ, ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗಲ್ಲ. ಆದ್ದರಿಂದ ಗಂಡ ಹೆಂಡತಿ "ಮೆಣಸಿದೆ", "ಇಲ್ಲ" ಅಂತ ಜಗಳ ಮಾಡಬೇಡಿ, ಇಬ್ಬರೂ ಸರಿಯೇ.

ವಾಸನೆ ಅಂದಾಗ ಇನ್ನೊಂದು. ದಕ್ಷಿಣ ಆಸ್ಟ್ರೇಲಿಯಾದ ಕೂನವಾರಾ ಊರಿನ, ಕ್ಯಾಬರ್ನೆ ಸೊವಿನ್ಯಾನ್ ಅನ್ನುವ ದ್ರಾಕ್ಷಿಯ ಕೆಂಪು ವೈನ್ ಮೂಸಿದರೆ ಅಜ್ಜಿ ಎದೆಗೆ ಹಚ್ಚುತ್ತಿದ್ದ ನೀಲಗಿರಿ ಎಣ್ಣೆ ನೆನಪಾಗುತ್ತದೆ. ತೋಟದ ಅಂಚಿನ ನೀಲಗಿರಿ ಮರಗಳ ಎಣ್ಣೆ ಗಾಳಿಯಲ್ಲಿ ಬಂದು ಸಿಪ್ಪೆಯ ಮೇಲೆ ಕೂರುತ್ತದೆ. ನಮ್ಮ ನಂದಿಬೆಟ್ಟಕ್ಕೆ ಟಿಪ್ಪು ಕಾಲದಲ್ಲಿ ಬಂತು ಅಂತ ಹೇಳುವ ಮರದ ತವರೂ ಇದೇ ದೇಶ. ಕೂನವಾರಾದ ವಿನ್ಸ್ ಬ್ಲ್ಯಾಕ್ ಲೇಬಲ್ 1954ರಿಂದ ಬರುತ್ತಿದೆ, ಆಫರ್ ಇದ್ದಾಗ 30ರ ಹತ್ತಿರಕ್ಕೆ ಸಿಗುತ್ತದೆ. ಕೆಂಪಿನಲ್ಲಿ ನಿಮಗೆ ಒಂದೇ ಬಾಟಲಿ ಹೇಳು ಅಂದರೆ ಅದನ್ನೇ ಹೇಳುತ್ತೇನೆ.

ಸರಿ, ಕೈ ಎತ್ತಿ. ಐದು ಇಷ್ಟವಾದವರು? ಇಪ್ಪತ್ತೆರಡು. ಆರು? ಒಂಬತ್ತು. ಬಿಚ್ಚುತ್ತೇನೆ. ಐದರ ಬೆಲೆ 9 ಡಾಲರ್. ಆರು ಬರೋಸಾದ ಹಳೆ ಬಳ್ಳಿಯದ್ದು, 60.

ತಲೆ ತಗ್ಗಿಸಬೇಡಿ. ಎಲ್ಲಿ ಮಾಡಿದರೂ ಹೀಗೇ ಆಗುತ್ತದೆ. ಐದು ಮೆತ್ತಗಿದೆ, ಒಗರು ಕಡಿಮೆ, ತಳದಲ್ಲಿ ಒಂಚೂರು ಸಿಹಿ. ಮೊದಲ ಗುಟುಕಿಗೆ ಗೆಲ್ಲುವುದಕ್ಕೆಂದೇ ಮಾಡಿದ್ದು. ಈಗ ಆ ಮೇಜಿನ ಮೇಲಿರುವ ಮಟನ್ ಚಾಪ್ಸ್ ಒಂದು ತುಂಡು ತಿಂದು ಎರಡನ್ನೂ ಮತ್ತೆ ಕುಡಿಯಿರಿ. ಐದು ಎಲ್ಲಿ ಹೋಯಿತು? ಆರರ ಒಗರು ಈಗ ಮೆತ್ತಗಾಯಿತು ಅಲ್ವಾ? ಆದರೂ ನಿಮಗೆ ಐದೇ ಇಷ್ಟ ಅನ್ನಿಸಿದರೆ ಐದೇ ತನ್ನಿ, ತಿಂಗಳಿಗೆ ಎಷ್ಟು ಉಳಿತಾಯ ನೋಡಿ.

ಐದರ ಲೇಬಲ್ ಓದುತ್ತೇನೆ: 'ಸೌತ್ ಈಸ್ಟರ್ನ್ ಆಸ್ಟ್ರೇಲಿಯಾ'. ಕೇಳಲು ಒಂದು ಊರಿನ ಹಾಗಿದೆ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಟ್ಯಾಸ್ಮೇನಿಯಾ ಪೂರ್ತಿ, ಜೊತೆಗೆ ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಭಾಗಗಳು, ಎಲ್ಲ ಸೇರಿ ಈ ಹೆಸರು! ದಕ್ಷಿಣ ಭಾರತದ ಅಕ್ಕಿ ಅಂದ ಹಾಗೆ. ಒಂದು ಊರಿನ ಹೆಸರು ಇದ್ದರೆ ಮಾತ್ರ ಕನಿಷ್ಠ 85 ಪರ್ಸೆಂಟ್ ದ್ರಾಕ್ಷಿ ಆ ಊರಿನದ್ದೇ ಇರಬೇಕು ಅನ್ನುವುದು ಕಾನೂನು. ಅಂಗಡಿಯಲ್ಲಿ ಪದಕದ ಸ್ಟಿಕ್ಕರ್ ಬಿಟ್ಟು ಇದನ್ನು ಓದಿ.

ದುಡ್ಡು ಎಲ್ಲಿ ಹೋಗುತ್ತದೆ ಅಂತ ನೋಡೋಣ. ಗಾಜು, ಮುಚ್ಚಳ, ಲಾರಿ, ಇವೆಲ್ಲ ಅಗ್ಗದ್ದಕ್ಕೂ ದುಬಾರಿಗೂ ಹೆಚ್ಚುಕಡಿಮೆ ಒಂದೇ. ಮೇಲೆ ಸಗಟು ಬೆಲೆಗೆ 29 ಪರ್ಸೆಂಟ್ ವೈನ್ ತೆರಿಗೆ, ಆಮೇಲೆ 10 ಪರ್ಸೆಂಟ್ ಜಿಎಸ್‌ಟಿ. 9 ಡಾಲರಿನಲ್ಲಿ ದ್ರಾಕ್ಷಿಗೆ ಉಳಿಯುವುದು ಚಿಲ್ಲರೆ. 20 ಮಾಡಿದರೆ ಹೆಚ್ಚಾದ ಹನ್ನೊಂದರಲ್ಲಿ ಒಳ್ಳೆ ಪಾಲು ವೈನಿಗೇ ಸೇರುತ್ತದೆ. ಆ ಏರಿಕೆ ಬಾಯಿಗೆ ಗೊತ್ತಾಗುತ್ತದೆ. 20ರಿಂದ 35ರವರೆಗೆ ಇನ್ನೂ ಗೊತ್ತಾಗುತ್ತದೆ. ಆಮೇಲೆ? ಒಂದು ಹೊಸ ಫ್ರೆಂಚ್ ಓಕ್ ಪೀಪಾಯಿಗೆ ಸಾವಿರ ಡಾಲರಿಗೂ ಜಾಸ್ತಿ. ದೊಡ್ಡ ಖರ್ಚು ಅನ್ನಿಸುತ್ತದೆ. ಆದರೆ 225 ಲೀಟರಿನ ಪೀಪಾಯಿಯಿಂದ 300 ಬಾಟಲಿ ಆಗುತ್ತವೆ. ಎರಡು ಸಾವಿರವೇ ಅಂದುಕೊಂಡರೂ ಬಾಟಲಿಗೆ ಏಳು ಡಾಲರ್ ಆಗಲಿಲ್ಲ. ನೂರರ ಮೇಲೆ ನೀವು ಕೊಡುವುದು ಕಾದ ಸಮಯಕ್ಕೆ, ಕಡಿಮೆ ಇರುವುದಕ್ಕೆ, ಹೆಸರಿಗೆ.

ಹೆಸರು ಅಂದರೆ ಪೆನ್‌ಫೋಲ್ಡ್ಸ್ ಕಂಪನಿಯ ಗ್ರೇಂಜ್ ಅನ್ನುವ ಕೆಂಪು ವೈನ್. ಸಾವಿರ ಡಾಲರಿನ ಆಸುಪಾಸು. ಅದರ ಕಥೆ ಮಾತ್ರ ಪುಕ್ಕಟೆ. ಆ ಕಂಪನಿಯಲ್ಲಿ ವೈನ್ ಮಾಡುತ್ತಿದ್ದ ಮ್ಯಾಕ್ಸ್ ಶೂಬರ್ಟ್ ಫ್ರಾನ್ಸಿಗೆ ಹೋಗಿ ಬಂದು, 1951ರಲ್ಲಿ ಅಡಿಲೇಡಿನಲ್ಲಿ ಮೊದಲ ಪ್ರಯೋಗ ಮಾಡಿದರು. ಶುರುವಿನಲ್ಲಿ ಕುಡಿದವರು ಛೀ ಅಂದರು. 1957ರಲ್ಲಿ ಕಂಪನಿ ನಿಲ್ಲಿಸು ಅಂದಿತು. ಶೂಬರ್ಟ್ ನಿಲ್ಲಿಸಲಿಲ್ಲ. ಮೂರು ವರ್ಷ ಕದ್ದು ಮಾಡಿ ಅಡಗಿಸಿಟ್ಟರು. ಅಷ್ಟರಲ್ಲಿ ಮೊದಲಿನವು ಹಳತಾಗಿ ರುಚಿ ಬಿಟ್ಟವು. 1960ರಲ್ಲಿ ಕಂಪನಿಯೇ ಮತ್ತೆ ಮಾಡು ಅಂದಿತು. ಗ್ರೇಂಜ್ ಕೂತಿದ್ದ ಪೀಪಾಯಿಯಲ್ಲಿ ಆಮೇಲೆ ಇಡುವ ಬಿನ್ 389 ಅಂತ ಇದೆ, ಅದೂ ಈಗ ನೂರರ ಹತ್ತಿರ. ನನಗೆ ಅಷ್ಟು ಕೊಡಬೇಕು ಅನ್ನಿಸಲ್ಲ.

ಕೆಂಪು ವೈನ್ ಇತ್ತೀಚೆಗೆ ಅಗ್ಗವಾಗಿ ಸಿಗುವುದಕ್ಕೆ ಒಂದು ಕಹಿ ಕಾರಣವೂ ಇದೆ. ಚೀನಾ 2020ರ ಕೊನೆಯಿಂದ ಇಲ್ಲಿನ ವೈನಿಗೆ 218 ಪರ್ಸೆಂಟಿನವರೆಗೆ ಸುಂಕ ಹಾಕಿತು. ತೆಗೆದದ್ದು 2024ರ ಮಾರ್ಚಿನಲ್ಲಿ. ಅಷ್ಟರಲ್ಲಿ ಟ್ಯಾಂಕುಗಳು ತುಂಬಿದ್ದವು. ನಮಗೆ ಆಫರ್, ಬೆಳೆಗಾರರಿಗೆ ನಷ್ಟ. ಟೊಮೇಟೊ ರಸ್ತೆಗೆ ಸುರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಊಟದ ಜೊತೆ ಏನು ಅಂತ ಚೀಟಿ ಬಂದಿದೆ. ಖಾರ ಜಾಸ್ತಿ ಇದ್ದರೆ ಬಿಸಿ ಮತ್ತು ಒಗರು ಇರುವ ವೈನ್ ಬೇಡ, ಬೆಂಕಿಗೆ ತುಪ್ಪ. ಬಿಸಿಬೇಳೆ ಬಾತಿಗೆ ರೀಸ್ಲಿಂಗ್. ಮೀನು ಸಾರು, ನೀರುದೋಸೆಗೆ ಸೆಮಿಲಾನ್. ಮೆಣಸಿನಕಾಯಿ ಬಜ್ಜಿಗೆ ತಣ್ಣಗಿನ ಪ್ರೊಸೆಕೊ, ಎಣ್ಣೆ ಜಿಡ್ಡನ್ನು ತೊಳೆದುಬಿಡುತ್ತದೆ. ತಿಳಿಸಾರು ಅನ್ನಕ್ಕೆ ಏನೂ ಬೇಡ, ನೀರು ಕುಡಿಯಿರಿ.

ಊರಿಗೆ ತೆಗೆದುಕೊಂಡು ಹೋಗುವವರಿಗೆ: ಬ್ಯಾಗಿನಲ್ಲಿ ಸುಂಕ ಇಲ್ಲದೆ 2 ಲೀಟರ್, ಅಂದರೆ ಎರಡು ಬಾಟಲಿ ಹಾಯಾಗಿ ಹೋಗುತ್ತವೆ. ಅಲ್ಲೇ ಅಂಗಡಿಯಲ್ಲಿ ಕೊಳ್ಳುವುದಾದರೆ, 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ಒಪ್ಪಂದದಲ್ಲಿ 150 ಪರ್ಸೆಂಟ್ ಇದ್ದ ಸುಂಕ ಇಳಿಯುತ್ತಿದೆ. ಆಮದು ಬೆಲೆ 5 ಅಮೆರಿಕನ್ ಡಾಲರ್ ದಾಟಿದ ಬಾಟಲಿಗೆ ಮೊದಲು 100, ಹತ್ತು ವರ್ಷದಲ್ಲಿ 50. 15 ಡಾಲರ್ ದಾಟಿದ್ದಕ್ಕೆ ಮೊದಲು 75, ಕೊನೆಗೆ 25. ರಾಜ್ಯದ ಅಬಕಾರಿ ಅದರ ಮೇಲೆ. ಲೆಕ್ಕ ನೋಡಿದರೆ ಅಲ್ಲಿ ಅಗ್ಗದ ಆಸ್ಟ್ರೇಲಿಯನ್ ವೈನ್ ಕೊಳ್ಳುವುದು ದಂಡ, ಒಳ್ಳೆಯದನ್ನು ಕೊಂಡರೆ ಅಷ್ಟಿಷ್ಟು ನ್ಯಾಯ.

ಉಳಿದದ್ದು ಏಳು. ರದರ್‌ಗ್ಲೆನ್ ಮಸ್ಕಟ್, ವಿಕ್ಟೋರಿಯಾದ ರದರ್‌ಗ್ಲೆನ್ ಊರಿನ ಮಸ್ಕಟ್ ದ್ರಾಕ್ಷಿಯ ಸಿಹಿ ವೈನ್. ಬಳ್ಳಿಯಲ್ಲೇ ಒಣದ್ರಾಕ್ಷಿ ಆಗುವವರೆಗೆ ಬಿಟ್ಟು, ಹಿಂಡಿ, ಸ್ಪಿರಿಟ್ ಸೇರಿಸಿ, ತಗಡಿನ ಶೆಡ್ಡಿನ ಬಿಸಿಯಲ್ಲಿ ಹಳೆ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟದ್ದು. ರದರ್‌ಗ್ಲೆನ್, ಕ್ಲಾಸಿಕ್, ಗ್ರ್ಯಾಂಡ್, ರೇರ್ ಅಂತ ನಾಲ್ಕು ದರ್ಜೆ. ಇದು ಮೊದಲನೆಯದು, ಚಿಕ್ಕ ಬಾಟಲಿ, 20ರ ಆಸುಪಾಸು. ತೆರೆದ ಮೇಲೂ ವಾರಗಟ್ಟಲೆ ಕೆಡಲ್ಲ. ಕಾಕಂಬಿ, ಖರ್ಜೂರ, ಕಾಫಿ, ಎಲ್ಲ ಬರುತ್ತದೆ. ಯುವಕರು ಇದನ್ನು ತಾತಂದಿರ ಡ್ರಿಂಕ್ ಅಂತಾರೆ, ಅದಕ್ಕೇ ಬೆಲೆ ಏರಿಲ್ಲ. ಸಿಹಿತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಇಲ್ಲದಿದ್ದರೆ ವೈನ್ ಹುಳಿ ಅನ್ನಿಸುತ್ತದೆ. ನಮ್ಮ ಸಿಹಿಯನ್ನು ತಡೆಯುವ ವೈನ್ ನಾನು ಕಂಡ ಹಾಗೆ ಇದೊಂದೇ. ಒಂದೊಂದು ಚಮಚದಷ್ಟೇ ಹಾಕುತ್ತೇನೆ. ಕಾಯಿ ಹೋಳಿಗೆ ಆ ಕಡೆ ಮೇಜಿನ ಮೇಲಿದೆ, ತುಪ್ಪ ಬಿಸಿಯಾಗಿದೆ. ಬಕೆಟ್ ಈಗ ಪಕ್ಕಕ್ಕಿಡಿ, ಇದನ್ನು ಯಾರೂ ಉಗಿಯಲ್ಲ.